ಮಂತ್ರಿಯೇ ಇಲ್ಲದ ರಾಜಕೀಯ ಸಿನಿಮಾ

ಪ್ರಿಯ ಮೇಷ್ಟ್ರೇ,

ಭದ್ರಾವತಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿತು. 1952ರ ತಮಿಳು ಚಿತ್ರ ‘ಪರಾಶಕ್ತಿ’ಯನ್ನು ಕಳೆದ ಸಂಚಿಕೆಯಲ್ಲಿ ನಾವು ರಾಜಕೀಯ ಸಿನಿಮಾ ಅಂತ ಕರೆದಿದ್ದು ನಿಮಗೆ ಹಿಡಿಸಿಲ್ಲ. ಪಕ್ಕದ ಮನೆಯ ತಮಿಳು ಕುಟುಂಬದ ಜೊತೆ ಕೂತು, ಅವರಿಂದ ಅರ್ಥ ಕೇಳಿಕೊಳ್ಳುತ್ತಾ, ಪೂರ್ತಿ ನೋಡಿದ್ದೀರಿ. ನಿಮ್ಮ ತಕರಾರು ಮೂರು. ಚುನಾವಣೆ ಇಲ್ಲ, ಮಂತ್ರಿ ಇಲ್ಲ, ಹಾಗಿದ್ದ ಮೇಲೆ ರಾಜಕೀಯ ಎಲ್ಲಿ? ಎಲ್ಲರೂ ಚರ್ಚಾಸ್ಪರ್ಧೆಗೆ ಬಂದವರ ಹಾಗೆ ಮಾತಾಡುತ್ತಾರೆ, ಯಾರ ಮನೆಯಲ್ಲಿ ಹೀಗೆ ಮಾತಾಡ್ತಾರೆ? ದೇವರನ್ನು ಬೈಯಲು ಹೊರಟವರಿಗೆ ದೇವಿಯ ಹೆಸರೇ ಬೇಕಿತ್ತಾ?

ಭಾನುವಾರ ನಾನೂ ಮತ್ತೊಮ್ಮೆ ನೋಡಿದೆ. ಅರ್ಧ ಒಪ್ಪುತ್ತೇನೆ, ಅರ್ಧ ಜಗಳವಾಡುತ್ತೇನೆ.

ನೋಡದವರಿಗಾಗಿ ಕತೆ ಎರಡು ಮಾತಲ್ಲಿ: ರಂಗೂನಿನಲ್ಲಿ ಮೂವರು ಅಣ್ಣಂದಿರು, ಮದುರೆಯಲ್ಲಿ ತಂಗಿ ಕಲ್ಯಾಣಿ. ಯುದ್ಧದ ಕಾಲ. ತಂಗಿಯ ಮದುವೆಗೆ ಹೊರಡಲು ಹಡಗಿನಲ್ಲಿ ಒಂದೇ ಟಿಕೆಟ್ ಸಿಗುತ್ತದೆ. ಕಿರಿಯವ ಗುಣಶೇಖರನ್ ಹೊರಡುತ್ತಾನೆ. ತಲುಪುವಷ್ಟರಲ್ಲಿ ಎಲ್ಲ ಮುಗಿದಿದೆ. ಭಾವ ಸತ್ತ, ಅಪ್ಪ ಸತ್ತರು, ಮನೆ ಹರಾಜಾಯಿತು. ಇವನೂ ಮದರಾಸಿನಲ್ಲಿ ಮೋಸಹೋಗಿ ಬರಿಗೈ. ತಂಗಿಗೆ ಮುಖ ತೋರಿಸಲಾರದೆ ಹುಚ್ಚನ ವೇಷ ಹಾಕಿ ಅವಳ ಸುತ್ತಲೇ ತಿರುಗುತ್ತಾನೆ. ಕಲ್ಯಾಣಿ ಹಸುಗೂಸು ಎತ್ತಿಕೊಂಡು ಊರೂರು ಅಲೆದು ಕೊನೆಗೆ ಕಟಕಟೆ ಹತ್ತುತ್ತಾಳೆ. ಜಡ್ಜ್ ಬೇರೆ ಯಾರೂ ಅಲ್ಲ, ಅವಳ ಹಿರಿಯಣ್ಣ.

ರಾಜಕೀಯ ಎಲ್ಲಿ ಅಂದಿರಲ್ಲ. ಈ ಚಿತ್ರಕ್ಕೆ ಸಂಭಾಷಣೆ ಬರೆದದ್ದು 28 ವರ್ಷದ ಕರುಣಾನಿಧಿ. ಅವರಿದ್ದ ಡಿಎಂಕೆ ಹುಟ್ಟಿದ್ದು 1949ರಲ್ಲಿ. 1952ರ ಮೊದಲ ಮಹಾಚುನಾವಣೆಗೆ ಆ ಪಕ್ಷ ನಿಲ್ಲಲೇ ಇಲ್ಲ. ಅಂದರೆ ಶಾಸನಸಭೆಯಲ್ಲಿ ಬಾಯಿ ಇಲ್ಲ. ರೇಡಿಯೋ ಸರ್ಕಾರದ ಕೈಲಿ. ಓದು ಬಲ್ಲವರೋ ಕಡಿಮೆ. ಉಳಿದದ್ದು ನಾಟಕದ ರಂಗ, ಬೀದಿಯ ಮೈಕು, ಟೆಂಟು ಸಿನಿಮಾ. ಆ ವರ್ಷದ ದೀಪಾವಳಿಗೆ ಬಂದ ಈ ಸಿನಿಮಾದಲ್ಲಿ ಮಂತ್ರಿ ಯಾಕೆ ಬೇಕು ಹೇಳಿ? ವಿಧವೆಗೆ ಅನ್ನ ಹಾಕದ ಊರು, ಬೀದಿ ತುಂಬ ಭಿಕ್ಷುಕರು, ಕಾಳಸಂತೆಯ ವ್ಯಾಪಾರಿ. ಆಗಷ್ಟೇ ಅಧಿಕಾರದಲ್ಲಿ ಕೂತವರಿಗೆ ಇದು ಯಾರನ್ನು ಕೇಳುತ್ತಿರುವ ಪ್ರಶ್ನೆ ಅಂತ ಗೊತ್ತಾಗದೆ ಇರಲಿಲ್ಲ. ಸೆನ್ಸಾರ್ ಪಾಸಾಗಿ ಬಂದ ಮೇಲೂ ನಿಷೇಧಿಸಿ ಅಂತ ಕೂಗೆದ್ದಿತು. ಚಿತ್ರ ಮಾತ್ರ ಓಡುತ್ತಲೇ ಇತ್ತು.

ಇನ್ನು ಆ ಮಾತುಗಾರಿಕೆ. ನೀವು ಅದನ್ನು ಕಣ್ಣಿಂದ ನೋಡಿದಿರಿ, ಮೇಷ್ಟ್ರೇ. ಅದು ಕಿವಿಗೆ ಮಾಡಿದ ಸಿನಿಮಾ. ಮುಂದಿನ ಸಲ ಕೋರ್ಟಿನ ಸೀನು ಬಂದಾಗ ಟಿವಿಗೆ ಬೆನ್ನು ಹಾಕಿ ಕೂತು ಕೇಳಿ. ಓಡಿದಳು, ಓಡಿದಳು, ಬದುಕಿನ ಅಂಚಿಗೇ ಓಡಿದಳು ಅಂತ ಗುಣಶೇಖರನ್ ತಂಗಿಯ ಕತೆ ಹೇಳುವಾಗ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ನುಗ್ಗುತ್ತದೆ ಗಮನಿಸಿ. ಪ್ರಾಸದ ಮೇಲೆ ಪ್ರಾಸ. ನಮ್ಮ ಕಡೆ ತಾಳಮದ್ದಳೆಯ ಅರ್ಥಧಾರಿ ಮಾತಿಗೆ ಇಳಿದರೆ ಯಾರ ಮನೇಲಿ ಹೀಗೆ ಮಾತಾಡ್ತಾರೆ ಅಂತ ನಾವು ಕೇಳ್ತೀವಾ? ಸುಮ್ನೆ ಕೂತು ಕೇಳ್ತೀವಿ, ಅಲ್ವಾ? ಈ ಸಂಭಾಷಣೆಯ ಗ್ರಾಮಫೋನ್ ರೆಕಾರ್ಡುಗಳು ಬಂದವು, ಪುಸ್ತಕ ಬಂತು. ಬೀದಿ ತಿರುವಿನಲ್ಲಿ ನಿಂತು ಬಾಯಿಪಾಠ ಒಪ್ಪಿಸುವವರಿದ್ದರು. ಸಿನಿಮಾದಲ್ಲಿ ಚಾನ್ಸ್ ಕೇಳಿಕೊಂಡು ಹೋದ ಹುಡುಗರು ಹೇಳಿ ತೋರಿಸುತ್ತಿದ್ದದ್ದೂ ಇದನ್ನೇ.

ಗುಣಶೇಖರನ್ ಆಗಿ ಈ ಮಾತು ಹೇಳಿದ ನಟನಿಗೆ ಅದು ಮೊದಲ ಸಿನಿಮಾ. ಶಿವಾಜಿ ಗಣೇಶನ್‌ಗೆ ಆಗ 24 ವರ್ಷ. ಹುಡುಗ ತೀರಾ ಬಡಕಲು ಅಂತ ಎವಿಎಂ ಸ್ಟುಡಿಯೋದ ಮೆಯ್ಯಪ್ಪನ್ ಒಪ್ಪಿರಲಿಲ್ಲ. ಇನ್ನೊಬ್ಬ ನಿರ್ಮಾಪಕ ಪೆರುಮಾಳ್ ಹಟ ಹಿಡಿದು ಉಳಿಸಿಕೊಂಡರು.

ನಾನು ನಿಮ್ಮ ಪಕ್ಷ ಸೇರುವ ಜಾಗವೂ ಒಂದಿದೆ. ಕಲ್ಯಾಣಿ ಹಸಿವು ತಾಳದೆ ಮಗುವನ್ನು ನದಿಗೆ ಎಸೆಯುತ್ತಾಳೆ. ಅದು ನೀರಿಗೆ ಬೀಳದೆ ನಾಯಕಿಯ ದೋಣಿಗೇ ಬಂದು ಬೀಳುತ್ತದೆ! ಸಮಾಜ ಕೈಬಿಟ್ಟಿತು, ದೇವರೂ ಬರಲಿಲ್ಲ ಅಂತ ಮೂರು ಗಂಟೆ ವಾದ ಮಾಡಿದ ಕತೆ, ಕೊನೆಗೆ ತಾನೇ ಪವಾಡ ಮಾಡಿಬಿಡುತ್ತದೆ. ಆ ಜಾಗದಲ್ಲಿ ನನಗೆ ನಗು ತಡೆಯಲಾಗಲಿಲ್ಲ.

ದೇವಿಯ ಹೆಸರು ಯಾಕೆ ಅಂದಿರಿ. ಅದು ಪಾವಲರ್ ಬಾಲಸುಂದರಂ ಬರೆದ ನಾಟಕದ ಹೆಸರು. ಸಿನಿಮಾ ಆ ನಾಟಕದಿಂದಲೇ ಹುಟ್ಟಿದ್ದು, ಹೆಸರೂ ಅಲ್ಲಿಂದಲೇ ಬಂತು. ಆದರೆ ದೇವರನ್ನೇ ಬೈದಿದೆಯಾ? ಗುಡಿಯ ಸೀನು ನೆನಪು ಮಾಡಿಕೊಳ್ಳಿ. ಆಸರೆ ಕೇಳಿ ಬಂದ ಕಲ್ಯಾಣಿಯ ಮೇಲೆ ಪೂಜಾರಿ ಕೈಮಾಡಲು ಹೋಗಿದ್ದಾನೆ. ಅಣ್ಣ ಮೂರ್ತಿಯ ಹಿಂದೆ ಅಡಗಿ ಕೂಗುತ್ತಾನೆ. ಮಾತಾಡಿದ್ದು ಅಂಬಾಳಾ, ಅಂದರೆ ದೇವಿಯಾ, ಅಂತ ಪೂಜಾರಿ ನಡುಗಿದರೆ, ಅಂಬಾಳ್ ಯಾವ ಕಾಲದಲ್ಲಿ ಮಾತಾಡಿದ್ದಾಳೆ? ಅಂತ ಏಟು. ಗುಡಿ ಬೇಡ ಅಂತಲ್ಲ, ಅದು ಕೆಟ್ಟವರ ಗುಡಾರ ಆಗಬಾರದು ಅಂತ ಕೋರ್ಟಿನಲ್ಲಿ ಅವನೇ ಬಿಡಿಸಿ ಹೇಳುತ್ತಾನೆ. ಬರೆದವರು ದೇವರನ್ನು ನಂಬದವರು, ನಿಜ. ಆದರೂ ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರ ವಚನ ಜೀವಮಾನವಿಡೀ ಪಾಠ ಮಾಡಿದ ನಿಮಗೆ ಇಷ್ಟಕ್ಕೇ ಸಿಟ್ಟು ಬಂದದ್ದು ನನಗೆ ಆಶ್ಚರ್ಯ.

ಕೊನೆಗೆ, ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ. ಆ ದೋಣಿಯ ಹುಡುಗಿ ವಿಮಲಾಳ ಪಾತ್ರ ಮಾಡಿದವರು ನಮ್ಮ ಪಂಢರಿಬಾಯಿ, ಭಟ್ಕಳದಲ್ಲಿ ಹುಟ್ಟಿದವರು. ಎರಡೇ ವರ್ಷಕ್ಕೆ, 1954ರಲ್ಲಿ, ರಾಜ್‌ಕುಮಾರ್ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದಾಗಲೂ ನಾಯಕಿ ಅವರೇ. ಸಂಗೀತ ಎರಡಕ್ಕೂ ಆರ್. ಸುದರ್ಶನಂ. ಅಲ್ಲಿ ಒಬ್ಬ ನಟ ಅಂಬಾಳನ್ನು ಪ್ರಶ್ನಿಸುತ್ತಾ ಹುಟ್ಟಿದ, ಇಲ್ಲಿ ಇನ್ನೊಬ್ಬ ಶಿವನಿಗೆ ಕಣ್ಣು ಕಿತ್ತುಕೊಡುತ್ತಾ.

‘ಪರಾಶಕ್ತಿ’ಯಲ್ಲಿ ಕಾ ಕಾ ಕಾ ಅನ್ನುವ ಕಾಗೆಯ ಹಾಡಿದೆಯಲ್ಲ, ಬರೆದವರು ಉಡುಮಲೈ ನಾರಾಯಣ ಕವಿ. ಕಾಗೆಗಳು ಬಳಗ ಕರೆದು ಹಂಚಿ ತಿನ್ನುತ್ತವೆ, ಮನುಷ್ಯರು ಎಂಜಲೆಲೆಗೆ ಬೀದಿಯಲ್ಲಿ ಬಡಿದಾಡುತ್ತಾರೆ ಅನ್ನುತ್ತದೆ ಹಾಡು. ಹಾಡಿದವರು ಸಿ.ಎಸ್. ಜಯರಾಮನ್. ಹಸಿವು ತಾಳಲಾರೆ ಅಂತ ಕಣ್ಣಪ್ಪ ಮೊರೆಯಿಡುವ ‘ಶಿವಪ್ಪ ಕಾಯೋ ತಂದೆ’ಯೂ ಅವರದೇ ಕಂಠ. ಅದೇ ಹಸಿವು. ಒಂದು ಹಾಡು ಕೇಳುವುದು ಮನುಷ್ಯರನ್ನು, ಇನ್ನೊಂದು ಶಿವನನ್ನು.

ಪಕ್ಕದ ಮನೆಯವರಿಗೆ ನಮ್ಮ ಹಾಡು ಒಮ್ಮೆ ಕೇಳಿಸಿ, ಮೇಷ್ಟ್ರೇ. ಯಾರ ಧ್ವನಿ ಅಂತ ಮೊದಲೇ ಹೇಳಬೇಡಿ. ಗುರುತು ಹಿಡಿದರಾ ಅಂತ ಒಂದು ಕಾರ್ಡು ಬರೆಯಿರಿ.

— ಸಂಪಾದಕ