ಸ್ಟಿಕರ್ ಕಿತ್ತರೆ ಸರಿಹೋಗುತ್ತಾ ಮೇಡಂ?

(ವ್ಯಕ್ತಿಯ ವಯಸ್ಸು, ಕೆಲಸ, ಮನೆ, ಘಟನೆ ನಡೆದ ಜಾಗ ಎಲ್ಲವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದದ್ದು.)

ನಲವತ್ತರ ಆಸುಪಾಸಿನ ಗಂಡಸು. ಖಾಸಗಿ ಕಂಪನಿಯಲ್ಲಿ ಕೆಲಸ, ನಾಗರಬಾವಿ ಕಡೆ ಮನೆ, ಹೆಂಡತಿ, ಒಬ್ಬಳು ಮಗಳು. ಹೆಂಡತಿಯೇ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕಳಿಸಿದ್ದರು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಆಫೀಸಿಗೆ ರಿಂಗ್ ರೋಡ್ ಬಿಟ್ಟು ಗಲ್ಲಿ ಗಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಯಾಕೆ ಅಂದರೆ ಟ್ರಾಫಿಕ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಈ ಉತ್ತರವನ್ನು ಯಾರೂ ಮರುಪ್ರಶ್ನೆ ಮಾಡುವುದಿಲ್ಲ!

ಕೂತ ಸ್ವಲ್ಪ ಹೊತ್ತಿಗೇ ಅವರು ಕೇಳಿದ್ದು ಕಾರಿನ ಸ್ಟಿಕರ್ ಬಗ್ಗೆ. ಆಯುಧಪೂಜೆಗೆ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಗಾಡಿ ಒಯ್ದು ಪೂಜೆ ಮಾಡಿಸಿದ್ದರು. ಅದೇ ಖುಷಿಯಲ್ಲಿ ಹಿಂದಿನ ಗಾಜಿಗೆ ಕೇಸರಿ-ಕಪ್ಪು ಬಣ್ಣದ ಹನುಮಂತನನ್ನು ಅಂಟಿಸಿದ್ದರು. ಹುಬ್ಬು ಗಂಟಿಕ್ಕಿದ ಆ ಮುಖ ನೀವೂ ಸಿಗ್ನಲ್‌ನಲ್ಲಿ ನೋಡಿರುತ್ತೀರಿ. ಕಾಸರಗೋಡು ಕಡೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಹುಡುಗರ ಧ್ವಜಕ್ಕೆಂದು ಬರೆದ ಚಿತ್ರ ಅದು. ಅದರ ಕೆಳಗೆ ಇವರು ‘ನನ್ನ ಕಾಯುವವನು’ ಎಂದು ಬೇರೆ ಬರೆಸಿದ್ದರು.

“ಆ ಸ್ಟಿಕರ್ ಇಟ್ಟುಕೊಂಡು ಅಂಥ ಕೆಲಸ ಮಾಡಿದೆ ಮೇಡಂ. ದೇವರಿಗೆ ಅವಮಾನ ಆಯ್ತು. ಕಿತ್ತುಬಿಟ್ಟರೆ ಸರಿಹೋಗುತ್ತಾ? ಇಲ್ಲ, ಕೀಳೋದೇ ಇನ್ನೊಂದು ಪಾಪನಾ?”

ಅಂಥ ಕೆಲಸ ಅಂದರೆ ಯಾವುದು ಎಂದು ತಿಳಿಯಲು ತುಂಬ ಹೊತ್ತು ಹಿಡಿಯಿತು. ಮಳೆ ಬರುತ್ತಿದ್ದ ಒಂದು ಸಂಜೆ ಸುಮನಹಳ್ಳಿ ಹತ್ತಿರ ಎಡಕ್ಕೆ ನುಗ್ಗುವಾಗ ಡೆಲಿವರಿ ಹುಡುಗನೊಬ್ಬನ ಸ್ಕೂಟರಿಗೆ ಕಾರು ತಾಗಿತ್ತು. ಹುಡುಗ ಬಿದ್ದ. ಇವರು ಬ್ರೇಕ್ ಒತ್ತಿದರು, ಕನ್ನಡಿ ನೋಡಿದರು. ಹುಡುಗ ಎದ್ದು ಕೂತಿದ್ದ, ಜನ ಸೇರುತ್ತಿದ್ದರು. ಇವರು ಹೊರಟುಬಿಟ್ಟರು.

ಇಲ್ಲಿ ಒಂದು ವಿಷಯವನ್ನು ಮೊದಲು ಖಚಿತ ಮಾಡಿಕೊಳ್ಳಬೇಕಿತ್ತು. ಗೀಳು ಕಾಯಿಲೆಯ ಒಂದು ಬಗೆಯಲ್ಲಿ, ಅಪಘಾತವೇ ಆಗದಿದ್ದರೂ ಯಾರಿಗೋ ಗುದ್ದಿಬಿಟ್ಟೆ ಎಂಬ ಅನುಮಾನ ಜನರನ್ನು ಕಿತ್ತು ತಿನ್ನುತ್ತದೆ. ರಸ್ತೆಯಲ್ಲೊಂದು ಹಳ್ಳ ಹಾರಿದರೂ ಸಾಕು, ಗಾಡಿ ತಿರುಗಿಸಿ ಹೋಗಿ ನೋಡಿ ಬರುತ್ತಾರೆ, ಮತ್ತೆ ನೋಡುತ್ತಾರೆ. ಅಂಥವರಿಗೆ “ಹೋಗಿ ಒಪ್ಪಿಕೊಳ್ಳಿ” ಎನ್ನುವುದು ಬೆಂಕಿಗೆ ತುಪ್ಪ ಸುರಿದ ಹಾಗೆ. ಅದಕ್ಕೇ ವಿವರವಾಗಿ ಕೇಳಿದೆ. ಇವರ ಕಾರಿನ ಎಡ ಕನ್ನಡಿ ಒಡೆದಿತ್ತು, ಬಾಗಿಲಿಗೆ ಗೀರು ಬಿದ್ದಿತ್ತು. ಹುಡುಗ ಬಿದ್ದದ್ದನ್ನು ಕಣ್ಣಾರೆ ನೋಡಿದ್ದರು. ಅನುಮಾನದ ಮಾತೇ ಇರಲಿಲ್ಲ. ವಾಪಸ್ ಹೋಗಿ ನೋಡುವುದಿರಲಿ, ಆ ರಸ್ತೆಯನ್ನೇ ಬಿಟ್ಟಿದ್ದರು.

ಆಮೇಲೆ ಮಾಡಿದ್ದೆಲ್ಲ ದೇವರ ಕಡೆಗೆ. ಶನಿವಾರದ ಉಪವಾಸ, 108 ಪ್ರದಕ್ಷಿಣೆ, ಹುಂಡಿಗೆ ದೊಡ್ಡ ಮೊತ್ತ. ಧರ್ಮಸ್ಥಳಕ್ಕೆಂದು ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಟ್ಟಾಗಿತ್ತು. ತಾಯಿಗೆ ಸುದ್ದಿ ಗೊತ್ತಿಲ್ಲ. ಮಗ ಸೊರಗಿದ್ದು ನೋಡಿ ದೃಷ್ಟಿ ತಾಗಿದೆ ಅಂತ ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ವಿಷಯ ಗೊತ್ತಿದ್ದ ಒಬ್ಬ ಗೆಳೆಯ ಮಾತ್ರ “ಎದ್ದು ಕೂತಿದ್ದ ಅಲ್ವಾ, ದೇವರೇ ಕಾಪಾಡಿದ, ಬಿಟ್ಟಾಕು” ಅಂದಿದ್ದನಂತೆ.

“ದೇವರಿಗೆ ಎಲ್ಲಿ ಏಟಾಗಿತ್ತು?” ಎಂದು ಕೇಳಿದೆ.

ಅವರಿಗೆ ಸಿಟ್ಟು ಬಂತು. ಬರಬೇಕಾದದ್ದೇ. ನಾನು ಅವರ ಭಕ್ತಿಯನ್ನು ಗೇಲಿ ಮಾಡುತ್ತಿರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಯೂ ಹೇಳಿದೆ. ಆದರೆ ಅಷ್ಟು ದಿನಗಳ ಸಂಕಟದಲ್ಲಿ ಆ ಹುಡುಗನ ಬಗ್ಗೆ ಅವರು ಆಡಿದ್ದು ಎರಡೇ ಮಾತು. ಅವನ ಮೂಳೆ ಮುರಿಯಿತಾ, ಕೆಲಸಕ್ಕೆ ಹೋಗುತ್ತಿದ್ದಾನಾ, ಆ ಸ್ಕೂಟರ್ ಅವನದ್ದೇನಾ? ಒಂದನ್ನೂ ಅವರು ಯೋಚಿಸಿರಲಿಲ್ಲ. ದೇವರ ಹತ್ತಿರ ಕ್ಷಮೆ ಕೇಳುವುದು ಸುಲಭ ಅಂತಲ್ಲ. ಅಲ್ಲಿ ಎಫ್‌ಐಆರ್ ಇಲ್ಲ, ಅಷ್ಟೇ.

ಧರ್ಮದ ಮಾತು ಹೇಳಲು ನಾನು ಯಾರೂ ಅಲ್ಲ. ಅದಕ್ಕೇ ಅವರನ್ನೇ ಕೇಳಿದೆ: ನಿಮ್ಮ ಮನೆಯಲ್ಲಿ ಹಿರಿಯರು ತಪ್ಪುಕಾಣಿಕೆ ಯಾವಾಗ ಕಟ್ಟುತ್ತಿದ್ದರು? ಅವರಿಗೆ ಅಜ್ಜನ ಕತೆ ನೆನಪಾಯಿತು. ಅಜ್ಜ ಬದು ಒತ್ತಿ ಪಕ್ಕದವರ ನೆಲ ಸೇರಿಸಿಕೊಂಡಿದ್ದರಂತೆ. ಮನೆಯಲ್ಲಿ ಒಂದರ ಮೇಲೊಂದು ತೊಂದರೆ. ಕೊನೆಗೆ ಊರ ನಾಲ್ಕು ಜನರನ್ನು ಕರೆದು ಅವರ ಎದುರೇ ಕಲ್ಲು ಹಿಂದಕ್ಕೆ ನೆಡಿಸಿದರು. ಧರ್ಮಸ್ಥಳಕ್ಕೆ ಹೊರಟದ್ದು ಅದರ ಮರುದಿನ.

ಹೇಳಿ ಮುಗಿಸಿ ಸುಮ್ಮನೆ ಕೂತರು. ನಾನೂ ಏನೂ ಸೇರಿಸಲಿಲ್ಲ.

ಸ್ಟಿಕರ್ ಬಗ್ಗೆಯೂ ಒಂದು ಮಾತಾಯಿತು. ಅದನ್ನು ಅಂಟಿಸಿದ ಮೇಲೆ ರಸ್ತೆಯಲ್ಲಿ ಒಂಥರಾ ಧೈರ್ಯ ಬಂದಿತ್ತು, ಜನ ದಾರಿ ಬಿಡುತ್ತಾರೆ ಅನಿಸುತ್ತಿತ್ತು ಎಂದು ಅವರೇ ಹೇಳಿದರು. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ನೆನಪಾಯಿತು. ಗಾಡಿಯ ಮೇಲೆ ಸ್ಟಿಕರ್, ಅಲಂಕಾರ ಜಾಸ್ತಿ ಇದ್ದವರು ರಸ್ತೆಯಲ್ಲಿ ಸಿಟ್ಟು ತೋರಿಸುವುದೂ ಜಾಸ್ತಿ ಎಂದು ಅವರು ಕಂಡಿದ್ದರು. ಸ್ಟಿಕರ್‌ನಲ್ಲಿ ಶಾಂತಿಯ ಮಾತಿದೆಯೋ ಜಗಳದ ಮಾತಿದೆಯೋ, ಅದರಿಂದ ವ್ಯತ್ಯಾಸ ಆಗಿರಲಿಲ್ಲ. ಗಾಡಿಯನ್ನು ‘ನನ್ನ ಜಾಗ’ ಎಂದು ಎಷ್ಟು ಗುರುತು ಹಾಕಿದ್ದಾರೆ ಎಂಬುದೇ ಮುಖ್ಯವಾಗಿತ್ತು. ಅದು ಅಲ್ಲಿನ ರಸ್ತೆಯ ಮಾತು, ಸಿಲ್ಕ್ ಬೋರ್ಡ್‌ಗೆ ತಂದು ಹಾಗೇ ಅಂಟಿಸಲಾಗದು. ಶಿಲುಬೆ, 786, ಅಯ್ಯಪ್ಪ, ಮಂಜುನಾಥ ಎಲ್ಲ ಹಾಕಿಕೊಂಡು ತಣ್ಣಗೆ ಗಾಡಿ ಓಡಿಸುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಆದರೆ ಈ ವ್ಯಕ್ತಿಯ ಮಟ್ಟಿಗೆ ಅದು ಹೊಂದುತ್ತಿತ್ತು. ಕಾಯುವವನು ಹಿಂದೆ ಇದ್ದಾನೆ ಎಂದು ಇವರು ಮುಂದೆ ನೋಡುವುದನ್ನು ಕಡಿಮೆ ಮಾಡಿದ್ದರು.

ಹಾಗಾದರೆ ಕೀಳಬೇಕಾ? ಅದು ಈಗ ತೀರ್ಮಾನಿಸಬೇಕಾದ ವಿಷಯವೇ ಅಲ್ಲ ಎಂದೆ. ಇದ್ದರೂ ಕಿತ್ತರೂ ಆ ಹುಡುಗನಿಗೆ ಏನೂ ಬದಲಾಗುವುದಿಲ್ಲ.

ಅವನಿಗೆ ಏನು ಬದಲಾಗುತ್ತದೆ ಎಂಬುದಕ್ಕೆ ಕಾನೂನಿನಲ್ಲೇ ಉತ್ತರ ಇದೆ. ಗಾಯವಾದವರಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ವಿಮಾ ಕಂಪನಿಗೂ ಹೇಳಬೇಕು ಎಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. “ನಿಂತಿದ್ದರೆ ಜನ ಹೊಡೀತಿದ್ರು ಮೇಡಂ” ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಭಯ ಸುಳ್ಳಲ್ಲ. ಉದ್ರಿಕ್ತ ಗುಂಪಿನಿಂದಾಗಿ ನಿಲ್ಲಲು ಆಗದೆ ಇರಬಹುದು ಎಂಬುದನ್ನು ಅದೇ ಕಲಂ ಒಪ್ಪುತ್ತದೆ. ಆದರೆ ಆ ನೆಪ ಆ ಹತ್ತು ನಿಮಿಷಕ್ಕೆ. ಆಮೇಲಿನ ವಾರಗಳಿಗೆ ಅಲ್ಲ.

ಅವರನ್ನು ನಿಜಕ್ಕೂ ಅಲ್ಲಾಡಿಸಿದ್ದು ಪರಿಹಾರದ ಲೆಕ್ಕ. ಗುದ್ದಿದ ಗಾಡಿ ಯಾವುದೆಂದು ಗೊತ್ತಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ನಿಗದಿ ಮೊತ್ತ ಮಾತ್ರ ಸಿಗುತ್ತದೆ. 2022ರ ಏಪ್ರಿಲ್‌ನಿಂದ ಅದು ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ ರೂಪಾಯಿ. ಗಾಡಿ ಗೊತ್ತಾದರೆ ಥರ್ಡ್ ಪಾರ್ಟಿ ವಿಮೆಯಿಂದ ಆಸ್ಪತ್ರೆ ಖರ್ಚು, ಕೈತಪ್ಪಿದ ದುಡಿಮೆ, ಮುಂದಿನ ನಷ್ಟ ಎಲ್ಲವನ್ನೂ ನ್ಯಾಯಮಂಡಳಿಯಲ್ಲಿ ಕೇಳಬಹುದು. ಅಂದರೆ ಇವರು ಬಾಯಿ ಮುಚ್ಚಿಕೊಂಡಿದ್ದ ಖರ್ಚು ಹುಡುಗನ ಜೇಬಿನಿಂದ ಹೋಗುತ್ತಿತ್ತು. ಹುಂಡಿಗೆ ಹಾಕಿದ್ದು ಬೇರೆಯೇ ಲೆಕ್ಕ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಹೆಂಡತಿಗೆ ಹೇಳಿ. ಯಾಕೆಂದರೆ ಮುಂದೆ ಆಗುವುದು ಅವರ ಮನೆಗೂ ಆಗುತ್ತದೆ. ಆಮೇಲೆ ಒಬ್ಬ ವಕೀಲರನ್ನು ನೋಡಿ, ಅವರ ಜೊತೆ ಸಂಚಾರ ಠಾಣೆಗೆ ಹೋಗಿ. ತಡ ಮಾಡಿದ್ದೇ ಇನ್ನೊಂದು ತಪ್ಪು, ಅದಕ್ಕೂ ಶಿಕ್ಷೆ ಇದೆ ಎಂಬುದನ್ನು ತಿಳಿದೇ ಹೋಗಿ. ಕನ್ನಡಿ ರಿಪೇರಿ ಮಾಡಿಸಬೇಡಿ. ಹುಡುಗನನ್ನು ನೀವೇ ಹುಡುಕಿಕೊಂಡು ಹೋಗಬೇಡಿ, ದುಡ್ಡು ಕೊಟ್ಟು ಕೇಸ್ ಬೇಡ ಅನ್ನಿಸಬೇಡಿ. ನಾನಂತೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ, ಆ ಕೆಲಸ ನಿಮ್ಮದು ಎಂದೂ ಹೇಳಿದೆ.

ಅವರು ತಕ್ಷಣ ಹೋಗಲಿಲ್ಲ. ಒಂದು ಭೇಟಿ ತಪ್ಪಿಸಿದರು. ಆಮೇಲೆ ಹೆಂಡತಿಯ ಜೊತೆ ಬಂದರು. ಹೇಳಿದ ರಾತ್ರಿ ಆಕೆ ಅತ್ತರಂತೆ, ಬೆಳಿಗ್ಗೆ ಎದ್ದು ವಕೀಲರ ನಂಬರ್ ಹುಡುಕಿದ್ದೂ ಆಕೆಯೇ. ಠಾಣೆಯಲ್ಲಿ ಗುರುತು ಸಿಗದ ಕಾರಿನ ಮೇಲೆ ಆಗಲೇ ದೂರು ದಾಖಲಾಗಿತ್ತು. ಹುಡುಗನ ಭುಜದ ಮೂಳೆ ಮುರಿದಿತ್ತು. ಗಾಡಿ ಓಡಿಸಲಾಗದೆ ಕೆಲಸ ನಿಂತಿತ್ತು.

ಈಗ ಕೇಸ್ ನಡೆಯುತ್ತಿದೆ. ವಿಮೆಯ ಅರ್ಜಿಯೂ ಹೋಗಿದೆ. ನಿದ್ದೆ ಸ್ವಲ್ಪ ಸುಧಾರಿಸಿದೆ, ಪೂರ್ತಿ ಅಲ್ಲ. ಹುಡುಗನ ಕಾಲು ಹಿಡಿದು ಕ್ಷಮೆ ಕೇಳಬೇಕು ಎಂದು ಅವರಿಗೆ ತುಂಬ ಆಸೆಯಿತ್ತು. ವಕೀಲರ ಮೂಲಕ ಕೇಳಿಸಿದರು. ಹುಡುಗ ಭೇಟಿಯಾಗಲು ಒಪ್ಪಲಿಲ್ಲ. ಅದು ಅವನ ಹಕ್ಕು. ಕಾಲು ಹಿಡಿಯುವವರ ಭಾರ ಇಳಿಯಬಹುದು, ಆದರೆ ಎದುರಿಗಿದ್ದವನು ‘ಹೋಗಲಿ ಬಿಡಿ ಸಾರ್’ ಅನ್ನಲೇಬೇಕಾಗುತ್ತದೆ. ಕ್ಷಮೆ ಸಿಗದೆಯೂ ದಿನ ಕಳೆಯುವುದು ಹೇಗೆ ಎಂಬುದೇ ಈಗ ನಮ್ಮ ಭೇಟಿಗಳಲ್ಲಿ ನಡೆಯುತ್ತಿರುವ ಮಾತು.

ಇಂಥದ್ದೇ ಏನನ್ನೋ ಒಳಗಿಟ್ಟುಕೊಂಡು ಓದುತ್ತಿರುವವರು ಇದ್ದರೆ, ಮೊದಲ ಹೆಜ್ಜೆ ವಕೀಲರದ್ದಾಗಲಿ. ಗಾಯ ಆಗಿರುವುದು ನಿಜವೋ ಮನಸ್ಸಿನ ಅನುಮಾನವೋ ಎಂಬುದೇ ತಿಳಿಯದೆ ಒಂದೇ ರಸ್ತೆಯನ್ನು ಮತ್ತೆ ಮತ್ತೆ ಸುತ್ತುತ್ತಿದ್ದರೆ ಮನೋವೈದ್ಯರನ್ನು ನೋಡಿ, ಗೀಳಿಗೆ ಒಳ್ಳೆಯ ಚಿಕಿತ್ಸೆ ಇದೆ. ರಾತ್ರಿ ಕಳೆಯುವುದೇ ಕಷ್ಟವಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.