ಆ ದೆವ್ವಗಳು ನಿಜವೋ, ಅವಳ ಭ್ರಮೆಯೋ?

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ. ಹೆನ್ರಿ ಜೇಮ್ಸ್ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ನಮಗೆ ಪಠ್ಯ. ಬ್ಲೈ ಎಂಬ ಬಂಗಲೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ಗವರ್ನೆಸ್‌ಗೆ ಸತ್ತವರು ಕಾಣಿಸುತ್ತಾರೆ. ದೆವ್ವಗಳು ನಿಜ ಅಂತ ಕ್ಲಾಸಿನಲ್ಲಿ ಅರ್ಧ ಜನ, ಅವಳ ಭ್ರಮೆ ಅಂತ ಇನ್ನರ್ಧ. ಯಾವುದು ಸರಿ?

ಉತ್ತರ: ಈ ಜಗಳ ತುಂಬ ಹಳೆಯದು. ಕಥೆ ಬಂದದ್ದು 1898ರಲ್ಲಿ. ದೆವ್ವಗಳು ಅವಳ ಅದುಮಿಟ್ಟ ಆಸೆಗಳಿಂದ ಹುಟ್ಟಿದವು ಎಂದು 1934ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ವಾದಿಸಿದರು. ವಾದ ಇನ್ನೂ ಮುಗಿದಿಲ್ಲ.

ಎರಡೂ ಕಡೆ ಗಟ್ಟಿ ಸಾಕ್ಷಿ ಇದೆ. ಆ ಮನೆಯಲ್ಲಿ ಹಿಂದೆ ಕೆಲಸಕ್ಕಿದ್ದು ಸತ್ತುಹೋದ ಪೀಟರ್ ಕ್ವಿಂಟ್ ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಆದರೂ ಅವಳು ಕೆಂಪು ಕೂದಲು, ಬಿಳಿಚಿಕೊಂಡ ಮುಖ ಎಂದು ಚಹರೆ ಹೇಳುತ್ತಿದ್ದಂತೆ ಮನೆ ನೋಡಿಕೊಳ್ಳುವ ಮಿಸೆಸ್ ಗ್ರೋಸ್ ಅವನನ್ನು ಗುರುತಿಸುತ್ತಾಳೆ. ಭ್ರಮೆ ಎನ್ನುವವರಿಗೆ ಇದು ದೊಡ್ಡ ತೊಡಕು. ಆದರೆ ಕೆರೆಯ ಬಳಿ ಗವರ್ನೆಸ್ ‘ಅಗೋ ಅಲ್ಲಿ’ ಎಂದು ಸತ್ತುಹೋದ ಹಿಂದಿನ ಗವರ್ನೆಸ್ ಮಿಸ್ ಜೆಸೆಲ್‌ಳನ್ನು ತೋರಿಸಿದಾಗ ಅದೇ ಮಿಸೆಸ್ ಗ್ರೋಸ್‌ಗೆ ಏನೂ ಕಾಣುವುದಿಲ್ಲ. ಮಕ್ಕಳಲ್ಲಿ ಪುಟ್ಟ ಹುಡುಗಿ ಫ್ಲೋರಾ ಹೆದರುವುದು ದೆವ್ವಕ್ಕಲ್ಲ, ಗವರ್ನೆಸ್‌ಗೆ. ಜೊತೆಗೆ, ಬ್ಲೈನಲ್ಲಿ ನಡೆದದ್ದೆಲ್ಲ ಅವಳೇ ಬರೆದಿಟ್ಟದ್ದು. ತಾಳೆ ನೋಡಲು ಬೇರೆಯವರ ಮಾತೇ ಇಲ್ಲ.

ದೆವ್ವದ ಕಥೆ ಬರೆದ ಹಿಂದಿನವರು ಹೀಗೆ ಅನುಮಾನ ಉಳಿಸುತ್ತಿರಲಿಲ್ಲ. 1764ರಲ್ಲಿ ಹೊರೇಸ್ ವಾಲ್ಪೋಲ್ ಬರೆದ ‘ದಿ ಕಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯಲ್ಲಿ ದೈತ್ಯ ಶಿರಸ್ತ್ರಾಣ ಬಿದ್ದು ಮದುಮಗ ಸಾಯುತ್ತಾನೆ. ಅದು ಪವಾಡವೇ, ಅನುಮಾನವಿಲ್ಲ. ಆನ್ ರಾಡ್‌ಕ್ಲಿಫ್ 1794ರ ‘ದಿ ಮಿಸ್ಟರೀಸ್ ಆಫ್ ಯುಡಾಲ್ಫೊ’ ಕಾದಂಬರಿಯಲ್ಲಿ ಕಪ್ಪು ಪರದೆಯ ಹಿಂದೆ ಏನಿದೆ ಎಂದು ಪುಟಗಟ್ಟಲೆ ಕಾಯಿಸಿ, ಕೊನೆಗೆ ಮೇಣದ ಗೊಂಬೆ ಎನ್ನುತ್ತಾರೆ. ಜೇಮ್ಸ್ ಎರಡೂ ಬಾಗಿಲು ಮುಚ್ಚಲೇ ಇಲ್ಲ.

ನನ್ನನ್ನು ಕೇಳಿದರೆ, ಕೊನೆಯ ದೃಶ್ಯದಲ್ಲಿ ಫ್ಲೋರಾಳ ಅಣ್ಣ ಮೈಲ್ಸ್‌ನನ್ನು ನೋಡಿ. ಅವಳು ಹುಡುಗನನ್ನು ಬಿಗಿಯಾಗಿ ಹಿಡಿದು, ಆ ಹೆಸರು ಹೇಳು ಎಂದು ಒತ್ತಾಯಿಸುತ್ತಾಳೆ. ಅವನು ಕ್ವಿಂಟ್ ಹೆಸರು ಕೂಗಿ ‘ಪಿಶಾಚಿ’ ಎನ್ನುತ್ತಾನೆ. ಬೈದದ್ದು ಯಾರಿಗೆ? ಕ್ವಿಂಟ್‌ಗಾ, ಅವಳಿಗಾ? ಹೇಗೆ ಓದಿದರೂ ಹುಡುಗ ಸಾಯುವುದು ಅವನನ್ನು ಕಾಪಾಡಲು ಹೊರಟವಳ ತೋಳಿನಲ್ಲೇ. ಕಥೆಯ ಭಯವೆಲ್ಲ ನನಗೆ ಇಲ್ಲೇ ಇದೆ. ಮಗುವಿನ ಮಾತು ಕೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಅಲ್ವಾ?

ಪರೀಕ್ಷೆಯಲ್ಲಿ ನೀವು ಯಾವ ಪಕ್ಷ ಹಿಡಿದರೂ ತಪ್ಪಿಲ್ಲ. ಆದರೆ ಕ್ವಿಂಟ್‌ನ ಗುರುತು ಸಿಕ್ಕ ಪ್ರಸಂಗ, ಕೆರೆಯ ಪ್ರಸಂಗ, ಎರಡಕ್ಕೂ ವಿವರಣೆ ಕೊಡಿ. ಒಂದನ್ನು ಸುಮ್ನೆ ಬಿಟ್ಟರೆ ವಾದ ನಿಲ್ಲುವುದಿಲ್ಲ.