ಜುಲೈ ತಿಂಗಳ ಲೆಕ್ಕ ಕೊಟ್ಟು ನೋಡಿ

ಪ್ರಶ್ನೆ: ನಮಸ್ಕಾರ ಮೇಡಂ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಸಣ್ಣ ಕಚೇರಿ ಇದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ ಪಡೆದು ಪೋರ್ಟ್‌ಫೋಲಿಯೊ ನಿರ್ವಹಣೆ, ಅಂದರೆ ಗ್ರಾಹಕರ ಪರವಾಗಿ ಹೂಡಿಕೆ ನೋಡಿಕೊಳ್ಳುವ ಕೆಲಸ, ಮಾಡುತ್ತೇವೆ. 45 ಗ್ರಾಹಕರು, ಆರು ಜನ ಸಿಬ್ಬಂದಿ. ಇಷ್ಟು ದಿನ ಎಕ್ಸೆಲ್‌ನಲ್ಲೇ ನಡೆಸಿದೆವು, ಈಗ ಕೈ ಮೀರುತ್ತಿದೆ. ಷೇರು ಬೆಲೆ, ಬೋನಸ್, ಡಿವಿಡೆಂಡ್, ಗ್ರಾಹಕರ ವಿವರ, ಈ ಎಲ್ಲ ಡೇಟಾ ನೋಡಿಕೊಳ್ಳುವ ಕಂಪನಿಯೊಂದಕ್ಕೆ ಕೆಲಸ ಕೊಡೋಣ ಅಂತ ಮೂವರಿಂದ ಡೆಮೊ ನೋಡಿದೆವು. ಮೂವರದ್ದೂ ಚೆನ್ನಾಗಿದೆ. ಒಬ್ಬರ ದರ ಮಾತ್ರ ಉಳಿದವರ ಅರ್ಧ. ಅವರಿಗೇ ಕೊಡೋಣ ಎನ್ನುತ್ತಾರೆ ನಮ್ಮ ಪಾಲುದಾರರು. ನನಗೆ ಧೈರ್ಯ ಬರುತ್ತಿಲ್ಲ. ಏನು ನೋಡಿ ಆರಿಸಬೇಕು?
— ಒಬ್ಬ ಓದುಗರು, ಕಲಬುರಗಿ

ಉತ್ತರ: ಡೆಮೊ ಚೆನ್ನಾಗಿಯೇ ಇರುತ್ತದೆ. ಅದರಲ್ಲಿ ಇರುವುದು ಅವರೇ ಜೋಡಿಸಿಟ್ಟ ಲೆಕ್ಕ. ನೀವು ನಿಮ್ಮ ಲೆಕ್ಕ ಕೊಟ್ಟು ನೋಡಿ. ಅದೂ 2023ರ ಜುಲೈ ತಿಂಗಳದ್ದು.

ಯಾಕೆ ಆ ತಿಂಗಳು? ಜುಲೈ 1ರಂದು ಎಚ್‌ಡಿಎಫ್‌ಸಿ ಲಿಮಿಟೆಡ್ ಹೋಗಿ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ಸೇರಿತು. ಹಳೆಯ 25 ಷೇರಿಗೆ ಬ್ಯಾಂಕಿನ 42 ಷೇರು. ನಿಮ್ಮ ಗ್ರಾಹಕರಲ್ಲಿ ಒಬ್ಬರ ಹತ್ತಿರ 90 ಷೇರು ಇದ್ದವು ಅಂದುಕೊಳ್ಳಿ. ಲೆಕ್ಕಕ್ಕೆ 151.2 ಬರುತ್ತದೆ. ಪೂರ್ತಿ ಷೇರು 151, ಉಳಿದ 0.2ರ ದುಡ್ಡು ಬೇರೆಯಾಗಿ ಜಮಾ ಆಗಬೇಕು. ಅದನ್ನು ಅವರ ಸಿಸ್ಟಮ್ ಎಲ್ಲಿ ತೋರಿಸುತ್ತದೆ, ಕೇಳಿ.

ಅದೇ ತಿಂಗಳ 20ಕ್ಕೆ ರಿಲಯನ್ಸ್‌ನಿಂದ ಜಿಯೋ ಫೈನಾನ್ಶಿಯಲ್ ಬೇರೆಯಾಯಿತು. ಒಂದಕ್ಕೆ ಒಂದು ಷೇರು. ಆ ದಿನ ವಿಶೇಷ ವಹಿವಾಟಿನಲ್ಲಿ ಅದಕ್ಕೆ 261.85 ರೂಪಾಯಿ ಬೆಲೆ ಕಟ್ಟಿದರು. ಆದರೆ ಅದು ಮಾರುಕಟ್ಟೆಗೆ ಬಂದದ್ದು ಆಗಸ್ಟ್ 21ಕ್ಕೆ. ನಡುವಿನ ಒಂದು ತಿಂಗಳು ಗ್ರಾಹಕರ ಹತ್ತಿರ ಷೇರು ಇತ್ತು, ವಹಿವಾಟು ಇರಲಿಲ್ಲ. ಆ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅದನ್ನು ಸೊನ್ನೆ ಅಂತ ತೋರಿಸಿದರೆ ಅವರ ಕೆಲಸ ಸರಿಯಿಲ್ಲ. ಕೊಂಡ ಬೆಲೆಯನ್ನೂ ಒಡೆಯಬೇಕು: 95.32 ಪರ್ಸೆಂಟ್ ರಿಲಯನ್ಸ್‌ಗೆ, 4.68 ಪರ್ಸೆಂಟ್ ಜಿಯೋಗೆ. 2,000 ರೂಪಾಯಿಗೆ ಕೊಂಡ ಷೇರಾದರೆ 1,906.40 ಮತ್ತು 93.60. ಇದು ತಪ್ಪಿದರೆ ಮುಂದೆ ಮಾರುವಾಗ ತೆರಿಗೆ ಲೆಕ್ಕವೂ ತಪ್ಪುತ್ತದೆ. ತೆರಿಗೆಯ ಮಾತು ಬಂತು, 2024ರ ಜುಲೈಯನ್ನೂ ಕೊಡಿ. ಷೇರಿನ ದೀರ್ಘಾವಧಿ ಲಾಭದ ತೆರಿಗೆ ಆ ತಿಂಗಳ 23ರಿಂದ 10 ಪರ್ಸೆಂಟ್ ಇದ್ದದ್ದು 12.5 ಆಯಿತು. ಒಂದೇ ವರ್ಷದಲ್ಲಿ ಎರಡು ದರ, ಮಾರಿದ ದಿನ ನೋಡಿ ಹಚ್ಚಬೇಕು.

ಮೂವರಿಗೂ ಈ ಲೆಕ್ಕವನ್ನೇ ಕೊಡಿ. ಗ್ರಾಹಕರ ಹೆಸರು, ಪ್ಯಾನ್ ತೆಗೆದು ಕೊಡಿ. ಒಂದು ವಾರದಲ್ಲಿ ಅರ್ಧ ಉತ್ತರ ಸಿಗುತ್ತದೆ.

ಉಳಿದರ್ಧಕ್ಕೆ ನನ್ನ ಅನುಭವ ಹೇಳುತ್ತೇನೆ. ನಾನು ಹೈದರಾಬಾದಿನಲ್ಲಿ ಹೂಡಿಕೆ ಲೆಕ್ಕದ ಕೆಲಸದಲ್ಲಿದ್ದೆ. 2022ರ ಜುಲೈ 28ಕ್ಕೆ ಟಾಟಾ ಸ್ಟೀಲ್‌ನ ಹತ್ತು ರೂಪಾಯಿ ಮುಖಬೆಲೆಯ ಷೇರು ಒಂದೊಂದು ರೂಪಾಯಿಯ ಹತ್ತು ಷೇರಾಯಿತು. ಹೀಗೆ ಷೇರು ಒಡೆದಾಗ ಅದರ ಗುರುತಿನ ಸಂಖ್ಯೆ, ಅಂದರೆ ಐಸಿನ್, ಕೂಡ ಬದಲಾಗುತ್ತದೆ. ನಮಗೆ ಡೇಟಾ ಕೊಡುತ್ತಿದ್ದ ಕಂಪನಿ ಹೊಸ ಬೆಲೆ ಕಳಿಸಿತು, ಹೊಸ ಐಸಿನ್ ಕಳಿಸಲಿಲ್ಲ. ಷೇರಿನ ಸಂಖ್ಯೆ ಹಳೆಯದು, ಬೆಲೆ ಹೊಸದು. ಹಿಡುವಳಿಯ ಮೌಲ್ಯ ಹತ್ತನೇ ಒಂದು ಭಾಗಕ್ಕೆ ಬಂತು. ಸ್ಟೇಟ್‌ಮೆಂಟ್ ಹೊರಟೇ ಹೋಗಿತ್ತು. ಬೆಳಿಗ್ಗೆ ನಮ್ಮ ಕಡೆಯ ಒಬ್ಬ ತೊಗರಿ ವ್ಯಾಪಾರಿಯ ಫೋನು. "ಮೇಡಂ, ನನ್ನ ರೊಕ್ಕ ಎಲ್ಲಿ ಹೋಯ್ತ್ರಿ?" ಅಂದರು. ಆ ದನಿ ನನಗೆ ಇನ್ನೂ ನೆನಪಿದೆ. ಮಗಳ ಮದುವೆಗೆ ಇಟ್ಟ ಹಣ ಅದು.

ಡೇಟಾ ಕಂಪನಿಗೆ ಫೋನ್ ಮಾಡಿದರೆ ಟಿಕೆಟ್ ನಂಬರ್ ಕೊಟ್ಟರು. ಮೂರು ದಿನ ಅಷ್ಟೇ ಕೊಟ್ಟರು. ನಾಲ್ಕನೇ ದಿನ ಅಂಕಿ ಸರಿಯಾಗಿತ್ತು. ಯಾರು ಸರಿ ಮಾಡಿದರು, ಯಾವಾಗ, ಮೊದಲು ಏನಿತ್ತು, ಯಾವುದಕ್ಕೂ ಗುರುತಿಲ್ಲ. ತಪ್ಪಿಗಿಂತ ಜಾಸ್ತಿ ಸಿಟ್ಟು ಬಂದದ್ದು ಅದಕ್ಕೆ.

ನಮ್ಮ ಅಪ್ಪ ನೆಹರು ಗಂಜ್‌ನ ಅಡತಿ ಅಂಗಡಿಯಲ್ಲಿ ಕಿರ್ದಿ ಬರೆಯುತ್ತಿದ್ದರು. ಅಂಕಿ ತಪ್ಪಾದರೆ ಅಳಿಸುತ್ತಿರಲಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕುತ್ತಿದ್ದರು. ಸಂಜೆ ಖತಾವಣಿಯ ಜೊತೆ ತಾಳೆ ನೋಡಿಯೇ ಮನೆಗೆ ಬರುತ್ತಿದ್ದರು. ನೀವು ಹುಡುಕಬೇಕಾದ ಕಂಪನಿ ಹೀಗೆ ಕಿರ್ದಿ ಬರೆಯುವಂಥದ್ದು. "ಹೋದ ತಿಂಗಳು ನೀವು ತಿದ್ದಿದ ಒಂದು ತಪ್ಪು ತೋರಿಸಿ" ಅಂತ ಕೇಳಿ. ಹಳೆಯ ಅಂಕಿ, ಹೊಸ ಅಂಕಿ, ತಿದ್ದಿದ ದಿನ, ತಿದ್ದಿದವರು, ನಾಲ್ಕೂ ಕಾಣಬೇಕು. "ನಮ್ಮಲ್ಲಿ ತಪ್ಪೇ ಆಗಲ್ಲ" ಎಂದವರನ್ನು ಅಲ್ಲಿಗೇ ಬಿಡಿ.

ಅರ್ಧ ದರದವರನ್ನು ಸುಮ್ನೆ ತಳ್ಳಿಹಾಕಬೇಡಿ. ದಿನದ ಕೊನೆಯ ಬೆಲೆಪಟ್ಟಿಯನ್ನು ಎನ್‌ಎಸ್‌ಇ, ಬಿಎಸ್‌ಇ ಎರಡೂ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಭಾವ್‌ಕಾಪಿ ಅಂತಾರೆ. ನಮ್ಮ ಗಂಜ್‌ನವರು ಭಾವ ಅನ್ನುತ್ತಾರಲ್ವಾ, ಅದೇ ಮಾತು. ಅಂದರೆ ಬೆಲೆ ತಂದುಕೊಡುವುದು ದೊಡ್ಡ ಕೆಲಸವಲ್ಲ. ವಿಲೀನ, ವಿಭಜನೆ, ಬೋನಸ್ ಬಂದ ದಿನ ಕೂತು ಸರಿ ಮಾಡುವ ಜನ ಬೇಕು, ಅದಕ್ಕೆ ನೀವು ದುಡ್ಡು ಕೊಡುವುದು. ಅಂಥವರು ಎಷ್ಟು ಜನ ಇದ್ದಾರೆ, ರಾತ್ರಿ ಎಂಟಕ್ಕೆ ಫೋನ್ ಎತ್ತುವವರು ಯಾರು, ಇದನ್ನು ಕೇಳಿ ಆಮೇಲೆ ದರ ಹೋಲಿಸಿ. ಮತ್ತೆ ಕಸ್ಟೋಡಿಯನ್ (ಗ್ರಾಹಕರ ಷೇರುಗಳನ್ನು ಕಾಪಿಡುವ ಸಂಸ್ಥೆ) ಕಳಿಸುವ ಹಿಡುವಳಿ ಪಟ್ಟಿಯ ಜೊತೆ ಪ್ರತಿದಿನ ತಾಳೆ ಆಗಬೇಕು. ಈ ಮಾತು ಒಪ್ಪಂದದಲ್ಲೇ ಇರಲಿ.

ಗ್ರಾಹಕರ ವಿವರದ ವಿಷಯದಲ್ಲಿ ಹೊಣೆ ನಿಮ್ಮದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಕೆಲಸ ಹೊರಗಿನವರಿಗೆ ಕೊಟ್ಟರೂ ಜವಾಬ್ದಾರಿ ಹೊರಗೆ ಹೋಗುವುದಿಲ್ಲ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿವರೆಗೂ ಇದೆ. ಸೈಬರ್ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. ಅವರು ನಿಮಗೆ ಹೇಳುವುದೇ ಮರುದಿನವಾದರೆ? ಎಷ್ಟು ಗಂಟೆಯೊಳಗೆ ಹೇಳುತ್ತಾರೆ, ಬರೆಸಿಕೊಳ್ಳಿ.

ಬಿಟ್ಟು ಹೋಗುವ ದಾರಿಯನ್ನೂ ಮೊದಲೇ ನೋಡಿ. ಎಲ್ಲ ಡೇಟಾ ಸಾಮಾನ್ಯ ಫೈಲಿನಲ್ಲಿ ವಾಪಸ್ ಕೊಡಬೇಕು, ಅದಕ್ಕೆ ಬೇರೆ ದುಡ್ಡು ಕೇಳಬಾರದು. ಸಹಿ ಹಾಕುವ ಮೊದಲೇ ಒಮ್ಮೆ ತೆಗೆಸಿ ನಿಮ್ಮ ಎಕ್ಸೆಲ್‌ನಲ್ಲಿ ತೆರೆದು ನೋಡಿ. ಆ ಎಕ್ಸೆಲ್ ಇನ್ನೂ ಮೂರು ತಿಂಗಳು ಜೊತೆಗೆ ನಡೆಯಲಿ. ಸಿಬ್ಬಂದಿಗೆ ಎರಡು ಕೆಲಸ ಆಗುತ್ತದೆ, ಗೊತ್ತು. ಆದರೂ ಬಿಡಬೇಡಿ.

ಪ್ರಶ್ನೆ: ನಾನು ಬೀದರಿನಲ್ಲಿ ಒಬ್ಬನೇ ಮ್ಯೂಚುವಲ್ ಫಂಡ್ ವಿತರಕ. 120 ಗ್ರಾಹಕರು. ನನಗೂ ಇಂಥ ಕಂಪನಿ ಬೇಕಾ?
— ಒಬ್ಬ ಓದುಗರು, ಬೀದರ್

ಉತ್ತರ: ಈಗ ಬೇಡ. ಫಂಡ್ ಕಂಪನಿಗಳ ಪರವಾಗಿ ಹೂಡಿಕೆದಾರರ ದಾಖಲೆ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಎರಡೂ ವಿತರಕರಿಗೆ ವಹಿವಾಟಿನ ಫೈಲನ್ನು ಇಮೇಲ್‌ಗೆ ಕಳಿಸುತ್ತವೆ. ಎನ್‌ಎವಿಯನ್ನು, ಅಂದರೆ ಫಂಡಿನ ಒಂದು ಯೂನಿಟ್ಟಿನ ಬೆಲೆಯನ್ನು, ಫಂಡ್ ಕಂಪನಿಗಳ ಒಕ್ಕೂಟ ಆಂಫಿಯ ವೆಬ್‌ಸೈಟು ಕೊಡುತ್ತದೆ. ಇವೆರಡನ್ನೂ ಜೋಡಿಸುವ ಸಣ್ಣ ಸಾಫ್ಟ್‌ವೇರ್ ಸಾಕು. ಗ್ರಾಹಕರ ಪ್ಯಾನ್, ಆಧಾರ್ ಫೋಟೊಗಳು ನಿಮ್ಮ ವಾಟ್ಸಾಪ್‌ನಲ್ಲಿ ಬಿದ್ದಿದ್ದರೆ ಮಾತ್ರ ಇವತ್ತೇ ಕೂತು ಅಳಿಸಿ.